ಹೊಟ್ಟೆಯ ಕೊಬ್ಬಿನಿಂದ ಕಾಲಿನ ಹುಣ್ಣು ಮಾಯುತ್ತದೆಯೇ?

ಡೊಂಬಿವಲಿ ಶೆಟ್ಟಿ:
ಅಪ್ಪನಿಗೆ ಸಕ್ಕರೆ ಕಾಯಿಲೆ. ಮಾಟುಂಗಾದ ಹೋಟೆಲಿನಲ್ಲಿ ನಿಂತೇ ಆಯುಷ್ಯ ಕಳೆದವರು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಚೌತಿಯ ಹೊತ್ತಿಗೆ ಎದ್ದ ಹುಣ್ಣು ದೀಪಾವಳಿ ಕಳೆದರೂ ಮಾಯಲಿಲ್ಲ. ಅಂಧೇರಿಯ ಒಂದು ಕ್ಲಿನಿಕ್‌ನವರು ಹೊಟ್ಟೆಯ ಕೊಬ್ಬು ತೆಗೆದು, ಅದರಲ್ಲಿನ ಸ್ಟೆಮ್ ಸೆಲ್‌ಗಳನ್ನು ಗಾಯದ ಸುತ್ತ ಚುಚ್ಚುತ್ತೇವೆ, ಖಂಡಿತ ಗುಣವಾಗುತ್ತದೆ ಎನ್ನುತ್ತಾರೆ. ಅವರು ಕೇಳುವ ದುಡ್ಡಿಗೆ ಹೋಟೆಲಿಗೆ ಹೊಸ ಗ್ರೈಂಡರ್ ಬರುತ್ತದೆ. ಅಪ್ಪನಿಗೋ ಹೊಟ್ಟೆ ಕರಗುವ ಆಸೆ. ನಂಬಬಹುದೇ?

ಪುಣೆಯ ಸುಮಾ:
ಶೆಟ್ಟರೇ, ನಾನು ಕೋಶಗಳನ್ನು ಬೆಳೆಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ವಿಜ್ಞಾನ ಸುಳ್ಳಲ್ಲ. ಲಿಪೊಸಕ್ಷನ್ ಮಾಡಿ ಎಸೆಯುತ್ತಿದ್ದ ಕೊಬ್ಬಿನಲ್ಲಿ ಮೂಳೆ, ಮೃದ್ವಸ್ಥಿ, ಸ್ನಾಯುಗಳತ್ತ ಬೆಳೆಯಬಲ್ಲ ಕೋಶಗಳಿವೆ, ಇವೇ ಆ ಸ್ಟೆಮ್ ಸೆಲ್‌ಗಳು ಎಂದು ಅಮೆರಿಕದ ಪೆಟ್ರೀಷಿಯಾ ಝುಕ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ಕೊಬ್ಬನ್ನು ಕೊಲಾಜಿನೇಸ್ ಎಂಬ ಕಿಣ್ವದಿಂದ ಸಡಿಲಿಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದರೆ ಅವು ತಳಕ್ಕಿಳಿಯುತ್ತವೆ.

ಗಾಯಕ್ಕೆ ಚುಚ್ಚಿದಾಗ ಅವು ಹೆಚ್ಚಾಗಿ ತಾವೇ ಚರ್ಮವಾಗುವುದಿಲ್ಲ. ಮೇಸ್ತ್ರಿ ಇಟ್ಟಿಗೆ ಹೊರದೆ ಕೆಲಸ ಮಾಡಿಸುವಂತೆ, ವಿಇಜಿಎಫ್‌ನಂಥ ಪ್ರೋಟೀನುಗಳನ್ನು ಸುರಿಸಿ ಹೊಸ ರಕ್ತನಾಳಗಳನ್ನು ಚಿಗುರಿಸುತ್ತವೆ, ಉರಿಯೂತ ತಗ್ಗಿಸುತ್ತವೆ. ಇಲಿಗಳಲ್ಲಿ ಗಾಯ ಬೇಗ ಮುಚ್ಚುತ್ತದೆ. ಮನುಷ್ಯರ ಮೇಲಿನ ಅಧ್ಯಯನಗಳು ಬಹುಪಾಲು ಚಿಕ್ಕವು; ಮೇಲಾಗಿ ವಯಸ್ಸಾದ ಮಧುಮೇಹಿಯ ಕೋಶಗಳ ಕಸುವೂ ಕಡಿಮೆ.

ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆಯಲ್ಲಿ ಗುದದ ಬಳಿ ಆಗುವ ಫಿಸ್ಟುಲಾಕ್ಕೆಂದು (ಕೀವು ಒಸರುವ ಸುರಂಗದಂಥ ಹುಣ್ಣು), ದಾನಿಗಳ ಕೊಬ್ಬಿನ ಕೋಶಗಳಿಂದ ಮಾಡಿದ ಔಷಧಿಗೆ ಯುರೋಪು 2018ರಲ್ಲಿ ಒಪ್ಪಿಗೆ ಕೊಟ್ಟಿತು. ಮುಂದಿನ ದೊಡ್ಡ ಪರೀಕ್ಷೆಯಲ್ಲಿ ಅದು ಹುಸಿಮದ್ದನ್ನು ಮೀರಿಸಲಿಲ್ಲ. 2024ರಲ್ಲಿ ಮಾರುಕಟ್ಟೆಯಿಂದ ಹೋಯಿತು. ಹೀಗಿರುವಾಗ ‘ಖಂಡಿತ’ ಎನ್ನುವವರ ಬಾಯಿಗೆ ಬೀಗವಿಲ್ಲ ಎಂದಷ್ಟೇ ತಿಳಿಯಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಇಂಥದ್ದು ಅನುಮತಿ ಪಡೆದ ಪ್ರಯೋಗವಾಗಿ ಮಾತ್ರ ನಡೆಯಬೇಕು, ರೋಗಿಯಿಂದ ಹಣ ಪಡೆಯುವಂತಿಲ್ಲ. ಇಂಥ ಪ್ರಯೋಗಗಳನ್ನು ದಾಖಲಿಸುವ ಭಾರತದ ನೋಂದಣಿ ಪಟ್ಟಿ ಸಿಟಿಆರ್‌ಐ; ಅದರ ನೋಂದಣಿ ಸಂಖ್ಯೆ ಕೇಳಿ ನೋಡಿ.

ಮುಲುಂಡ್ ಭಟ್ಟ:
ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ. ನಮ್ಮಜ್ಜಿಗೆ ಅದರಲ್ಲೇ ವಾಸಿಯಾಗಿತ್ತು.

ಸಾಯನ್ ಸಿಸ್ಟರ್:
ಭಟ್ಟರೇ, ಮಧುಮೇಹದ ಹುಣ್ಣಿಗೆ ದಯವಿಟ್ಟು ಬೇಡ. ಡ್ರೆಸ್ಸಿಂಗ್ ಬಿಚ್ಚಿದಾಗ ಅರಿಶಿನದಡಿ ಕೀವು ನಿಂತಿರುವುದನ್ನು ನಾನು ಬಹಳ ಕಂಡಿದ್ದೇನೆ.

ಶೆಟ್ಟರೇ, ಪಾದಕ್ಕೆ ರಕ್ತ ಹರಿಯುತ್ತಿದೆಯೇ ಎಂದು ಡಾಪ್ಲರ್ ಮಾಡಿಸಿದಿರಾ? ಸತ್ತ ಮಾಂಸ ತೆಗೆಸಿದಿರಾ? ಎಲ್ಲಕ್ಕಿಂತ ಮುಖ್ಯವಾಗಿ, ಆ ಜಾಗದ ಮೇಲೆ ಭಾರ ಬೀಳುವುದು ನಿಂತಿದೆಯೇ? ನಿಮ್ಮ ತಂದೆ ಈಗಲೂ ಗಲ್ಲಾದ ಹತ್ತಿರ ನಿಲ್ಲುತ್ತಿದ್ದರೆ ಯಾವ ಕೋಶ ಚುಚ್ಚಿಯೂ ಪ್ರಯೋಜನವಿಲ್ಲ. ಭಾರ ತಪ್ಪಿಸುವ ವಿಶೇಷ ಪಾದರಕ್ಷೆ ಅಥವಾ ಪ್ಲಾಸ್ಟರ್ ಇದೆ. ಕಾಲು ಕೆಂಪಾಗಿ ಊದಿದರೆ, ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಡೊಂಬಿವಲಿ ಶೆಟ್ಟಿ:
ನೋಂದಣಿ ಸಂಖ್ಯೆ ಕೇಳಿದೆ. “ಡಾಕ್ಟರು ಮೀಟಿಂಗಿನಲ್ಲಿದ್ದಾರೆ” ಎಂದರು. ಡಾಪ್ಲರ್ ಯಾರೂ ಬರೆದುಕೊಟ್ಟಿಲ್ಲ. ಅಪ್ಪ ನಿಲ್ಲುವುದನ್ನೂ ಬಿಟ್ಟಿಲ್ಲ, ಇವತ್ತಿನಿಂದ ಗಲ್ಲಾಕ್ಕೆ ತಮ್ಮ. ಕಲ್ಯಾಣದ ಕಡೆ ರಕ್ತನಾಳದ ತಜ್ಞರು ಗೊತ್ತಿದ್ದರೆ ತಿಳಿಸಿ. ಈ ಕಾಲಿನಲ್ಲಿ ಅವರನ್ನು ಬೆಳಗಿನ ಲೋಕಲ್ ಹತ್ತಿಸಲಾರೆ.