ಎಫ್‌ವೈ ಇಕನಾಮಿಕ್ಸ್‌ನ ಕ್ಯಾಲ್ಕುಲಸ್: ಸೂತ್ರ ಬಾಯಿಗೆ ಬರುತ್ತದೆ, ಲೆಕ್ಕ ಬರುವುದಿಲ್ಲ

ಡೊಂಬಿವಲಿ ದೊಡ್ಡಮ್ಮ:
ನಮಸ್ಕಾರ. ತಂಗಿಯ ಮಗಳು ಎಫ್‌ವೈಬಿಎ, ಅಂದರೆ ಬಿಎ ಮೊದಲ ವರ್ಷ, ಇಕನಾಮಿಕ್ಸ್. ಹನ್ನೆರಡನೇ ಕ್ಲಾಸಿನಲ್ಲಿ ಕಾಮರ್ಸ್, ಮ್ಯಾಥ್ಸ್ ಬಿಟ್ಟು ಎಸ್‌ಪಿ (ಸೆಕ್ರೆಟೇರಿಯಲ್ ಪ್ರಾಕ್ಟೀಸ್) ತೆಗೆದುಕೊಂಡಿದ್ದಳು. ಈಗ ಕ್ಯಾಲ್ಕುಲಸ್ ಪೇಪರ್ ಎದುರಾಗಿದೆ, ಪರೀಕ್ಷೆಗೆ ಆರು ವಾರ. ಡೆರಿವೇಟಿವ್ (ಒಂದು ಬದಲಾದರೆ ಇನ್ನೊಂದು ಎಷ್ಟು ವೇಗವಾಗಿ ಬದಲಾಗುತ್ತದೆ ಅನ್ನುವುದು) ಸೂತ್ರಗಳೆಲ್ಲ ಬಾಯಿಪಾಠ. 'ಲಾಭ ಅತಿ ಹೆಚ್ಚಾಗುವ ಬೆಲೆ ಎಷ್ಟು' ಅಂತ ವಾಕ್ಯದಲ್ಲಿ ಕೇಳಿದರೆ ಮಾತ್ರ ಪೆನ್ನು ನಿಂತುಬಿಡುತ್ತದೆ. ಇನ್ನೊಂದು, ಲಿಮಿಟ್‌ನಲ್ಲಿ ಸೊನ್ನೆಯಿಂದ ಭಾಗಿಸಬಾರದು ಅಂತ ಹೇಳಿ ಕೊನೆಗೆ ಸೊನ್ನೆಯನ್ನೇ ಯಾಕೆ ಹಾಕುತ್ತಾರೆ ಅಂತ ಕೇಳುತ್ತಾಳೆ. ಕೆಟಿ ಬೀಳದ ಹಾಗೆ, ಅಂದರೆ ಪೇಪರ್ ಬಾಕಿ ಉಳಿಯದ ಹಾಗೆ, ಎಲ್ಲಿಂದ ಶುರು ಮಾಡಿಸಲಿ?

ಮಾಟುಂಗಾ ಪೂರ್ವ:
ಲಿಮಿಟ್ ಪ್ರಶ್ನೆ ತುಂಬ ಒಳ್ಳೆಯದು, ಅದನ್ನು ಬೇರೆಯವರು ಬಿಡಿಸಲಿ. ನಾನು ಲಾಭದ ಲೆಕ್ಕ ಹೇಳುತ್ತೇನೆ. ಮಾರ್ಕ್ಸ್ ಹೋಗುವುದು ಬಹುಪಾಲು ಅಲ್ಲೇ, ಅದೂ ಕ್ಯಾಲ್ಕುಲಸ್‌ನಿಂದಲ್ಲ, ಹೈಸ್ಕೂಲಿನ ಆಲ್ಜೀಬ್ರಾದಿಂದ.

ಒಂದು ಉಡುಪಿ ಹೋಟೆಲು ಅಂದುಕೊಳ್ಳಿ. ಮಸಾಲೆ ದೋಸೆ ₹60 ಇದ್ದರೆ ದಿನಕ್ಕೆ 400 ಪ್ಲೇಟು ಹೋಗುತ್ತದೆ. ₹5 ಏರಿಸಿದಾಗೆಲ್ಲ 20 ಪ್ಲೇಟು ಇಳಿಯುತ್ತದೆ. ಪ್ಲೇಟಿಗೆ ಖರ್ಚು ₹25, ಬಾಡಿಗೆ ಸಂಬಳ ಸೇರಿ ದಿನಕ್ಕೆ ₹3,000. ಬೆಲೆಗೆ ಕ್ಷ ಅನ್ನೋಣ, ಮರಾಠಿಯಲ್ಲೂ ಅದೇ ಅಕ್ಷರ.

ಡೆರಿವೇಟಿವ್‌ಗೆ ಈಗಲೇ ಕೈ ಹಾಕಬಾರದು. ₹5ಕ್ಕೆ 20 ಅಂದರೆ ರೂಪಾಯಿಗೆ 4 ಪ್ಲೇಟು. ಹಾಗಾಗಿ ಪ್ಲೇಟು = 640 − 4ಕ್ಷ. ಇದರಲ್ಲಿ 60 ಹಾಕಿದರೆ 400 ಬರಲೇಬೇಕು, ಬರದಿದ್ದರೆ ಮುಂದಿನ ಸಾಲಿಗೆ ಹೋಗುವುದೇ ಬೇಡ.

ಲಾಭ = (ಕ್ಷ − 25)(640 − 4ಕ್ಷ) − 3,000
ಬಿಡಿಸಿದರೆ −4ಕ್ಷ² + 740ಕ್ಷ − 19,000
ಡೆರಿವೇಟಿವ್ −8ಕ್ಷ + 740, ಸೊನ್ನೆಗೆ ಸಮ ಮಾಡಿದರೆ (ಲಾಭದ ಏರಿಕೆ ನಿಲ್ಲುವ ಜಾಗ ಅದು) ಕ್ಷ = 92.50

ಆಗ ಹೋಗುವುದು 270 ಪ್ಲೇಟು, ಲಾಭ ₹15,225. ₹60ಕ್ಕೆ ಮಾರಿದರೆ ₹11,000 ಅಷ್ಟೆ.

ಈಗ ತಪ್ಪು ಎಲ್ಲಿ ಆಗುತ್ತದೆ ನೋಡಿ. −25ನ್ನು −4ಕ್ಷದಿಂದ ಗುಣಿಸಿದರೆ +100ಕ್ಷ. ಮಕ್ಕಳು ಅವಸರದಲ್ಲಿ −100ಕ್ಷ ಬರೆಯುತ್ತಾರೆ. 740ರ ಜಾಗದಲ್ಲಿ 540 ಬರುತ್ತದೆ, ಉತ್ತರ 67.50. ಆ ಬೆಲೆಗೆ ನಿಜವಾದ ಲಾಭ ₹12,725. ಒಂದು ಚಿಹ್ನೆಗೆ ದಿನಕ್ಕೆ ₹2,500 ಹೋಯಿತು.

ಇನ್ನೊಂದು ಗೊಂದಲ, ವ್ಯಾಪಾರದ ಮೊತ್ತ ಹೆಚ್ಚಾಗುವ ಬೆಲೆಯೂ ಲಾಭ ಹೆಚ್ಚಾಗುವ ಬೆಲೆಯೂ ಒಂದೇ ಅಂತ ತಿಳಿಯುವುದು. ಕ್ಷ(640 − 4ಕ್ಷ) ಅತಿ ಹೆಚ್ಚಾಗುವುದು ₹80ರಲ್ಲಿ. ಎಲಾಸ್ಟಿಸಿಟಿ −1 ಆಗುವುದೂ, ಅಂದರೆ ಬೆಲೆ 1% ಏರಿದರೆ ಬೇಡಿಕೆ 1% ಇಳಿಯುವುದೂ, ಅಲ್ಲೇ. ಪ್ರಶ್ನೆಯಲ್ಲಿ 'ಬೆಲೆ ₹85 ಮೀರಬಾರದು' ಅಂತಿದ್ದರೆ ಉತ್ತರ 92.50 ಅಲ್ಲ, 85. ಅಂಚುಗಳನ್ನು ಹಾಕಿ ನೋಡದೆ ಉತ್ತರ ಬರೆಯಬಾರದು. ಎರಡನೇ ಡೆರಿವೇಟಿವ್ −8, ಮೈನಸ್, ಆದ್ದರಿಂದ ಗರಿಷ್ಠ ಅನ್ನುವ ಸಾಲೂ ಬೇಕು.

ಕೋಥ್ರೂಡ್ ಗೆಳೆಯ:
ಅಕ್ಕಾರ, ಲಿಮಿಟ್ ಮಾತು ನಾ ಹೇಳ್ತೀನ್ರಿ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ 94.5 ಕಿಲೋಮೀಟರ್. ಒಂದು ಕಾರು 63 ನಿಮಿಷದಾಗ ದಾಟಿದ್ರ ಸರಾಸರಿ ತಾಸಿಗೆ 90. ಘಾಟಿನಾಗ ಕಡಿಮಿ ಇರ್ತದ, ಬಯಲಿನಾಗ ಜಾಸ್ತಿ. ಒಂದು ಕ್ಷಣಕ್ಕ ಮೀಟರ್ ಎಷ್ಟು ತೋರಸ್ತದ ಅನ್ನೂದ ಡೆರಿವೇಟಿವ್. ಕ್ಷಣ ಅಂದ್ರ ಸಮಯನೂ ಸೊನ್ನಿ, ದೂರನೂ ಸೊನ್ನಿ. ಸೊನ್ನಿನ ಸೊನ್ನಿಯಿಂದ ಭಾಗಿಸಿದ್ರ ಏನೂ ಹೇಳಾಕ ಬರೂದಿಲ್ಲ. ಅದಕ್ಕ ಅವಧಿ ಸಣ್ಣದು ಮಾಡ್ಕೋತ ಹೋಗಿ, ಸರಾಸರಿ ಎತ್ತ ಹೊಂಟದ ಅಂತ ನೋಡೂದು.

ಕ್ಷ² ತಗೊಂಡು 3ರ ಹತ್ರ ಮಾಡಸ್ರಿ. (3 + ಹ)² ಒಳಗ 9 ಕಳದು ಹದಿಂದ ಭಾಗಿಸಿದ್ರ (6ಹ + ಹ²) ÷ ಹ. ಹ 0.1 ಇದ್ರ 6.1, 0.01 ಇದ್ರ 6.01, ಇನ್ನೊಂದು ಕಡಿಂದ −0.01 ಇದ್ರ 5.99. ಇಲ್ಲಿ ಹ ಸೊನ್ನಿ ಅಲ್ಲ, ಅದಕ್ಕ ಮ್ಯಾಲೂ ಕೆಳಗೂ ಹೊಡದು ಹಾಕಬಹುದು. ಉಳಿಯೂದು 6 + ಹ. ಈಗ ಸೊನ್ನಿ ಹಾಕೂದು ಯಾಕ ನಡೀತದ ಅಂದ್ರ, 6 + ಹ ಅನ್ನೂ ಗೆರಿ ಎಲ್ಲೂ ಕಡದಿಲ್ಲ, ಹತ್ರ ಹೋದಾಗಿನ ಬೆಲಿನೂ ಅಲ್ಲಿರೂ ಬೆಲಿನೂ ಒಂದ. ಭಾಗಿಸೂಕಿಂತ ಮೊದಲ ಸೊನ್ನಿ ಹಾಕಿದ್ರ ಕೆಡ್ತದ. ಕ್ಯಾಲ್ಕುಲೇಟರ್ ಹಿಡದು ಈ ಸಾಲು ಆಕಿನ ಮಾಡಬೇಕ್ರಿ, ನೋಡಿ ತಲಿ ಆಡಿಸಿದ್ರ ಸಾಲೂದಿಲ್ಲ.

ಡೊಂಬಿವಲಿ ದೊಡ್ಡಮ್ಮ:
ದೋಸೆ ಲೆಕ್ಕದಲ್ಲಿ ಅವಳಿಗೂ 67.50 ಬಂತು, ಚಿಹ್ನೆ ತಪ್ಪಿದ್ದನ್ನು ಅವಳೇ ಹುಡುಕಿದಳು. 2.718 ಅನ್ನುವ ಆ 'ಇ' ಎಲ್ಲಿಂದ ಬಂತು? ಇಂಟಿಗ್ರೇಶನ್‌ಗೆ ಎಷ್ಟು ದಿನ ಇಡಲಿ?

ಮಾಟುಂಗಾ ಪೂರ್ವ:
ಎಫ್‌ಡಿಯಿಂದ ಹೇಳಿಕೊಡಿ. ₹1 ಲಕ್ಷ, ಬಡ್ಡಿ 6%. ವರ್ಷಕ್ಕೊಮ್ಮೆ ಸೇರಿದರೆ ₹1,06,000. ಮೂರು ತಿಂಗಳಿಗೊಮ್ಮೆ ಸೇರಿದರೆ 1.015ರ ನಾಲ್ಕನೇ ಘಾತ, ₹1,06,136. ದಿನಕ್ಕೊಮ್ಮೆ, ಗಂಟೆಗೊಮ್ಮೆ ಸೇರಿಸುತ್ತ ಹೋದರೂ ₹1,06,184 ಮುಟ್ಟುವುದಿಲ್ಲ. ಆ ತಡೆಗೋಡೆಯೇ ₹1 ಲಕ್ಷ × ಇ ಘಾತ 0.06. ಇಲ್ಲಿ ಆಗುವ ತಪ್ಪು ಎರಡು. ಇ ಘಾತ ಕ್ಷಕ್ಕೆ ಕ್ಷ²ದ ಸೂತ್ರ ಹಚ್ಚುವುದು ಒಂದು. ಅದರ ಡೆರಿವೇಟಿವ್ ಅದೇ, ಘಾತ ಇಳಿಯುವುದಿಲ್ಲ. ಚೈನ್ ರೂಲ್ ಮರೆಯುವುದು ಇನ್ನೊಂದು. (3ಕ್ಷ + 1)⁵ಕ್ಕೆ 5 ಮಾತ್ರ ಮುಂದೆ ಬಂದರೆ ಸಾಲದು, ಒಳಗಿನ 3 ಕೂಡ ಗುಣಿಸಿ 15(3ಕ್ಷ + 1)⁴.

ಇಂಟಿಗ್ರೇಶನ್‌ಗೆ ಕೊನೆಯ ಹತ್ತು ದಿನ ಸಾಕು, ಅದಕ್ಕೂ ಮುಂಚಿನ ವಾರಗಳು ದೋಸೆಯಂಥ ಲೆಕ್ಕಕ್ಕೇ ಇರಲಿ. ಮಾರ್ಜಿನಲ್ ಕಾಸ್ಟ್ (ಇನ್ನೊಂದು ಪ್ಲೇಟು ಮಾಡಲು ತಗಲುವ ಹೆಚ್ಚಿನ ಖರ್ಚು) 10 + 0.2ಕ್ಷ, ಇಲ್ಲಿ ಕ್ಷ ಅಂದರೆ ಪ್ಲೇಟು. ಇಂಟಿಗ್ರೇಟ್ ಮಾಡಿದರೆ, ಅಂದರೆ ಡೆರಿವೇಟಿವ್‌ನಿಂದ ಹಿಂದಕ್ಕೆ ಹೋದರೆ, ಖರ್ಚು 10ಕ್ಷ + 0.1ಕ್ಷ² + ಸಿ. 100ರಿಂದ 150 ಪ್ಲೇಟಿಗೆ ಏರಿಸಿದರೆ ಹೆಚ್ಚಿನ ಖರ್ಚು 500 + 1,250, ಅಂದರೆ ₹1,750. ಕಳೆಯುವಾಗ ಸಿ ಹೊರಟುಹೋಗುತ್ತದೆ. ಆದರೆ ಒಟ್ಟು ಖರ್ಚು ಕೇಳಿದಾಗ ಸಿ ಬಿಟ್ಟರೆ ಉತ್ತರ ತಪ್ಪು. ಒಂದೂ ಪ್ಲೇಟು ಮಾಡದ ದಿನವೂ ಕೊಡಬೇಕಾದ ಬಾಡಿಗೆ ಸಂಬಳ ಅದು. ದೋಸೆ ಲೆಕ್ಕದ ₹3,000, ಅಲ್ಲಿ ಡೆರಿವೇಟಿವ್ ಮಾಡುವಾಗ ಕಾಣೆಯಾಗಿತ್ತಲ್ಲ, ಅದೇ.