ತಂಗಿಗೆ ಹಾರ್ಟಲ್ಲಿ ಹೋಲ್, ಜೊತೆಗೆ ಮೈಟ್ರಲ್ ವಾಲ್ವೂ ಕಿರಿದು. ಅನುಭವ ಇದ್ದವರು ಹೇಳಿ

ಹಾಸನದವಳು: ತಂಗಿಗೆ 26. ಹುಟ್ಟಿನಿಂದಲೇ ಎಎಸ್‌ಡಿ, ಅಂದ್ರೆ ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೇಲಿ ತೂತು, ಇತ್ತಂತೆ, ಈಗ ಗೊತ್ತಾಯ್ತು. ಸಂಧಿವಾತ ಜ್ವರದಿಂದ ಎಡಗಡೆ ಕೋಣೆಗಳ ನಡುವಿನ ಮೈಟ್ರಲ್ ವಾಲ್ವೂ ಕಿರಿದಾಗಿದೆ. ಒಂದು ಎಕೋ ಮೈಲ್ಡ್ ಅನ್ನತ್ತೆ, ಇನ್ನೊಂದು ಸಿವಿಯರ್. ಮದುವೆ ಬೇರೆ ಗೊತ್ತಾಗಿದೆ. ಏನು ಮಾಡಿಸೋದು?

ಗಿರಿಜಕ್ಕ: ನಮ್ಮೆಜಮಾನ್ರದ್ದೂ ಇದೇ, ಎರಡೂ ಒಟ್ಟಿಗಿದ್ರೆ ಲುಟೆಂಬಾಕರ್ ಅಂತಾರೆ. ಗ್ರೇಡಿಯಂಟ್ (ವಾಲ್ವಿನ ಆಚೆ ಈಚೆ ಒತ್ತಡದ ವ್ಯತ್ಯಾಸ) 5 ಇದೆ, ಮೈಲ್ಡು ಅಂತ ತೂತು ಮುಚ್ಚೋ ಡಿವೈಸ್ ಮಾತ್ರ ಹಾಕಿದ್ರು. ರಕ್ತ ತೂತಿನಿಂದ ಬಲಕ್ಕೆ ಜಾರ್ತಿದ್ದಕ್ಕೇ ಅಷ್ಟು ಕಮ್ಮಿ ತೋರಿಸ್ತಿತ್ತು! ಮುಚ್ಚಿದ ರಾತ್ರಿಯೇ ಶ್ವಾಸಕೋಶದಲ್ಲಿ ನೀರು. ಡಿವೈಸಿನ 1.8 ಲಕ್ಷ ನೀರಲ್ಲಿ ಹೋಮ. ಐಸಿಯು 74,000, ಅದರಲ್ಲಿ ಗ್ಲೌಸಿಗೇ 2,300. ಕೊನೆಗೆ ಎದೆ ತೆರೆದು ಡಿವೈಸ್ ಕಿತ್ತು, ಪ್ಯಾಚ್ ಹೊಲಿದು, ಲೋಹದ ವಾಲ್ವ್ ಹಾಕಿದ್ರು, 3.6 ಲಕ್ಷ. ನೇರ ಆಪರೇಷನ್ನೇ ಮಾಡಿಸಿ.

ಧಾರವಾಡ ಫೇಡೆ: ಅಕ್ಕಾರ, ನಿಮಗಾದದ್ದು ಊರಿಗೆಲ್ಲಾ ಆಗ್ತದೇನ್ರಿ? ನಮ್ಮ ತಂಗಿಗೆ ಮೊದಲ ವಾಲ್ವ್ ಹಿಗ್ಗಿಸಾಕ ಬಲೂನ್, ಆಮ್ಯಾಲ ತೂತಿಗೆ ಡಿವೈಸ್, ಒಂದ ದಿನ. ಎಎಸ್‌ಡಿ ಇದ್ದಾಗ ಪ್ರೆಶರ್ ಹಾಫ್ ಟೈಮ್ (ಒತ್ತಡ ಇಳಿಯೂ ಹೊತ್ತಿನ ಮ್ಯಾಲ ವಾಲ್ವ್ ಅಳತಿ) ನಂಬಬಾರದಂತ, ಎಕೋ ಚಿತ್ರದಾಗ ವಾಲ್ವಿನ ಬಾಯಿ ನೇರ ಅಳಿಯೂ ಪ್ಲಾನಿಮೆಟ್ರಿ ಮಾಡಿದ್ರ 1 ಚದರ ಸೆಂ.ಮೀ. ಬಂತು, ಅಂದ್ರ ಸಿವಿಯರ್. ಟಿಇಇ ಅಂತ ಗಂಟಲದಾಗಿಂದ ಎಕೋ ಮಾಡೂ ಪೈಪ್ ನುಂಗಿಸಿ ತೂತಿನ ಅಂಚೂ ನೋಡಿದ್ರು. ವಾಲ್ವ್ ಮೆತ್ತಗಿತ್ತು, ಕ್ಯಾಲ್ಸಿಯಂ ಇರಲಿಲ್ಲ. ಎದಿ ಮ್ಯಾಲ ಒಂದ ಗೆರಿ ಇಲ್ಲ. ಸಂಧಿವಾತ ಜ್ವರ ಮತ್ತ ಬರದಂಗ 21 ದಿನಕ್ಕೊಮ್ಮೆ ಪೆನಿಡ್ಯೂರ್ ಇಂಜೆಕ್ಷನ್ ಅಷ್ಟ.

ಗಿರಿಜಕ್ಕ: ಬಲೂನ್ ಮಾಡಿದ್ದು ಮತ್ತೆ ಕಿರಿದಾಗತ್ತೆ, ಆಗ ಹೇಳಿ.

ಧಾರವಾಡ ಫೇಡೆ: ಆದಾಗ ನೋಡೂಣು. ಲೋಹದ ವಾಲ್ವಿಗೆ ಸಾಯೂತನಾ ರಕ್ತ ಹೆಪ್ಪುಗಟ್ಟದಂಗ ಅಸಿಟ್ರಾಂ ಗುಳಿಗಿ ನುಂಗಬೇಕಲ್ರಿ. ಬಸಿರಾದಾಗ ಆ ಗುಳಿಗಿ ಕೂಸಿಗೆ ಅಪಾಯ. ಮದುವಿ ಆಗೂ ಹುಡುಗಿಗೆ ಹಿಂಗ ಹೇಳ್ತಾರೇನು?

ಎರಡೆಸಳು: ನನ್ನದು ಬೈಕಸ್ಪಿಡ್, ಅಂದ್ರೆ ಮಹಾಧಮನಿ ವಾಲ್ವಿಗೆ ಮೂರರ ಬದಲು ಎರಡೇ ಎಸಳು, ಹುಟ್ಟಿನಿಂದ. ವರ್ಷಗಟ್ಟಲೆ ಬಿಪಿ ಮಾತ್ರೆ ತಿಂದೆ. ಕಾಲಿನ ಬಿಪಿ ಯಾರೂ ನೋಡಿರಲಿಲ್ಲ. ಕೈಯಲ್ಲಿ 170, ಕಾಲಲ್ಲಿ 110: ಮಹಾಧಮನಿಯೇ ಕಿರಿದು. ಮೊದಲು ಅದಕ್ಕೆ ಸ್ಟೆಂಟ್, ವಾಲ್ವ್ ಲೆಕ್ಕ ಆಮೇಲೆ ಅಂದ್ರು. ಸ್ಟೆಂಟಿಗೆ 2.4 ಲಕ್ಷ, ಇನ್ಶೂರೆನ್ಸಿನವರು ಹುಟ್ಟಿನಿಂದ ಬಂದ ಕಾಯಿಲೆ ಅಂತ ಬಿಡಿಗಾಸೂ ಕೊಡಲಿಲ್ಲ. ಅಂದಹಾಗೆ ಅಸಿಟ್ರಾಂ ತಗೊಳ್ಳೋರು ಸೊಪ್ಪು ಮುಟ್ಟಬಾರದು.

ಗಿರಿಜಕ್ಕ: ಯಾರ್ರೀ ಹೇಳಿದ್ದು? ದಿನಾ ಹೆಚ್ಚುಕಮ್ಮಿ ಒಂದೇ ಅಳತೆ ತಿಂದರಾಯ್ತು. ನಮ್ಮನೇಲಿ ವಾರಕ್ಕೆರಡು ಸಲ ಬಸ್ಸಾರು, ಐಎನ್‌ಆರ್ (ರಕ್ತ ಹೆಪ್ಪುಗಟ್ಟೋ ಟೆಸ್ಟು) 2.8, ಸರಿಯಾಗೇ ಇದೆ.

ಎರಡೆಸಳು: ದಿನಾ ಒಂದೇ ಅಳತೆ, ವಾರಕ್ಕೆರಡೇ ಸಲ ಬಸ್ಸಾರು. ಯಾವುದು ನಿಜ ಮೇಡಂ?

ಗಿರಿಜಕ್ಕ: ಮಿಕ್ಕ ದಿನ ಪಲ್ಯ ಕಣ್ರೀ!