ಪದಚರ್ಚೆ: ಬಾಯಿಹುಣ್ಣು, ಉರಿಯೂತ ಮತ್ತು ‘ಆನುವಂಶಿಕ’

ಎಲ್ಲರಿಗೂ ನಮಸ್ಕಾರ. ಎರಡು ಪದಗಳ ಹತ್ತಿರ ಬಂದು ನಿಂತಿದ್ದೇನೆ, ನಿಮ್ಮ ಸಹಾಯ ಬೇಕು.

ರಕ್ತದ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುವ ಮಕ್ಕಳ ಅಪ್ಪ ಅಮ್ಮಂದಿರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಮ್ಯೂಕೋಸೈಟಿಸ್ ಬಗ್ಗೆ, ಅಂದರೆ ಕೀಮೋದಿಂದ ಬಾಯಿಯ ಒಳಪೊರೆ ಕೆಡುವುದರ ಬಗ್ಗೆ, ಒಂದು ಪುಟ ಇದೆ. ಬೇಗ ಬೇಗ ಹುಟ್ಟುವ ಜೀವಕೋಶಗಳ ಮೇಲೆ ಕೀಮೋ ಏಟು ಜಾಸ್ತಿ. ಬಾಯಿಯ ಒಳಪೊರೆಯವೂ ಅಂಥವೇ, ಹಾಗಾಗಿ ಔಷಧ ಕೊಟ್ಟು ಒಂದು ವಾರ ಆಗುವಷ್ಟರಲ್ಲಿ ಬಾಯಿ ಕೆಂಪಾಗಿ, ಪೊರೆ ಸುಲಿದು, ಹುಣ್ಣಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ ಇದಕ್ಕೆ 0ಯಿಂದ 4ರವರೆಗೆ ಹಂತಗಳಿವೆ. 3 ಅಂದರೆ ನೀರಾಗಿರುವುದು ಮಾತ್ರ ಇಳಿಯುತ್ತದೆ, 4 ಅಂದರೆ ಬಾಯಿಂದ ಏನೂ ಇಳಿಯುವುದಿಲ್ಲ.

ಮೊದಲು ಸುಮ್ನೆ ‘ಬಾಯಿಹುಣ್ಣು’ ಅಂತ ಬರೆದೆ. ಎಲ್ಲರಿಗೂ ಗೊತ್ತಿರುವ ಪದ, ತೊಂದರೆಯೂ ಅದೇ. ಬಾಯಿಹುಣ್ಣು ಅಂದ ಕೂಡಲೇ ನಮ್ಮಲ್ಲಿ ‘ಉಷ್ಣ ಆಗಿದೆ’ ಅಂತ ತುಪ್ಪ ಹಚ್ಚಿ, ಎಳನೀರು ಕುಡಿಸಿ, ಮೆಡಿಕಲ್ ಶಾಪಿಂದ ಬಿ ಕಾಂಪ್ಲೆಕ್ಸ್ ಮಾತ್ರೆ ತಂದು ಕೊಡುತ್ತಾರೆ. ಇಲ್ಲಿ ಅದು ಆಗಬಾರದು. ಈ ಮಕ್ಕಳಿಗೆ ಕೊಡುವ ಕೀಮೋ ಔಷಧಗಳಲ್ಲಿ ಒಂದಾದ ಮೆಥೋಟ್ರೆಕ್ಸೇಟ್ ಕೆಲಸ ಮಾಡುವುದೇ ಫೋಲೇಟ್ ಅನ್ನುವ ಬಿ ವಿಟಮಿನ್ನಿನ ದಾರಿಗೆ ಅಡ್ಡ ನಿಂತು, ಎಷ್ಟೋ ಬಿ ಕಾಂಪ್ಲೆಕ್ಸ್ ಮಾತ್ರೆಗಳಲ್ಲಿ ಅದೇ ಫೋಲೇಟಿನ ಒಂದು ರೂಪವಾದ ಫೋಲಿಕ್ ಆಸಿಡ್ ಇರುತ್ತದೆ, ಡಾಕ್ಟರನ್ನು ಕೇಳದೆ ಕೊಡುವಂತಿಲ್ಲ.

‘ಲೋಳೆಪೊರೆಯ ಉರಿಯೂತ’ ಅಂದರೆ ಅರ್ಥ ಸರಿ. ಉರಿ, ಊತ ಎರಡೂ ಸೇರಿದ ಉರಿಯೂತ ನನಗೆ ತುಂಬಾ ಇಷ್ಟದ ಪದ. ಆದರೆ ಲೋಳೆ ಅಂದರೆ ಓದುವವರಿಗೆ ಲೋಳೆಸರ ನೆನಪಾಗುತ್ತದೆ. ವಾರ್ಡಿನಲ್ಲಿ ಅಮ್ಮಂದಿರು ‘ಬಾಯಿ ಬೆಂದುಹೋಗಿದೆ’ ಅನ್ನುತ್ತಾರೆ, ಅದಕ್ಕಿಂತ ನಿಜವಾದ ಮಾತು ನನಗೆ ಸಿಕ್ಕಿಲ್ಲ. ಸದ್ಯಕ್ಕೆ ‘ಕೀಮೋದಿಂದ ಬಾಯಿ ಬೇಯುವುದು (ಬಾಯಿಯ ಒಳಪೊರೆಯ ಉರಿಯೂತ)’ ಅಂತ ಇಟ್ಟಿದ್ದೇನೆ.

ಎರಡನೆಯದು ಇನ್ನೂ ಕಷ್ಟ. ಒಂದೇ ಔಷಧ, ಮೈಯಳತೆಗೆ ತಕ್ಕ ಅದೇ ಪ್ರಮಾಣ, ಆದರೂ ಒಂದು ಮಗು ಇಡ್ಲಿ ತಿನ್ನುತ್ತಿರುತ್ತದೆ, ಪಕ್ಕದ ಹಾಸಿಗೆಯ ಮಗುವಿಗೆ ಎಂಜಲು ನುಂಗೋಕೂ ಆಗಲ್ಲ. ಇದಕ್ಕೆ ಜೀನುಗಳೂ ಸ್ವಲ್ಪ ಮಟ್ಟಿಗೆ ಕಾರಣ ಇರಬಹುದು. ಫೋಲೇಟ್ ಬಳಕೆಗೆ ಬೇಕಾದ ಎಂಟಿಎಚ್‌ಎಫ್‌ಆರ್ ಜೀನಿನಲ್ಲಿ 677ನೇ ಜಾಗದ ಒಂದು ಡಿಎನ್‌ಎ ಅಕ್ಷರ ಬದಲಾಗಿದ್ದರೆ ಅದರಿಂದ ಆಗುವ ಕಿಣ್ವದ ಕೆಲಸ ನಿಧಾನ. ಮೆಥೋಟ್ರೆಕ್ಸೇಟನ್ನು ಯಕೃತ್ತಿನೊಳಗೆ ಸಾಗಿಸುವ ಎಸ್‌ಎಲ್‌ಸಿಒ1ಬಿ1 ಜೀನಿನಲ್ಲಿ ವ್ಯತ್ಯಾಸ ಇದ್ದರೆ ಔಷಧ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯಬಹುದು. ಎಂಟಿಎಚ್‌ಎಫ್‌ಆರ್‌ಗೂ ಬಾಯಿ ಬೇಯುವುದಕ್ಕೂ ಕೆಲವು ಅಧ್ಯಯನಗಳಲ್ಲಿ ನಂಟು ಕಂಡಿದೆ, ಕೆಲವದರಲ್ಲಿ ಕಂಡಿಲ್ಲ.

ಇದನ್ನು ‘ಆನುವಂಶಿಕ ಕಾರಣಗಳು’ ಅಂತ ಬರೆದು, ಕರಡನ್ನು ಒಬ್ಬ ತಾಯಿಗೆ ಓದಲು ಕೊಟ್ಟೆ. ಆರು ವರ್ಷದ ಮಗ ಅವರ ತೊಡೆಯ ಮೇಲೆ ಮಲಗಿದ್ದ. ಅವರ ಬೆರಳು ಆ ಪದದ ಕೆಳಗೇ ನಿಂತುಬಿಟ್ಟಿತು. ‘ಅಂದ್ರೆ ಇದು ನನ್ನ ಕಡೆಯಿಂದ ಬಂತಾ ಅಕ್ಕಾ?’ ಅಂದರು. ಅಲ್ಲವೇ ಅಲ್ಲ, ಕ್ಯಾನ್ಸರಿನ ಮಾತಲ್ಲ ಇದು, ಬಾಯಿ ಕೆಡಿಸುವುದು ಔಷಧ, ಎಷ್ಟು ಕೆಡುತ್ತದೆ ಅನ್ನುವುದರಲ್ಲಿ ಮಾತ್ರ ಜೀನಿಗೆ ಸ್ವಲ್ಪ ಪಾಲು ಅಂತ ಬಿಡಿಸಿ ಹೇಳಿದೆ. ತಲೆ ಆಡಿಸಿದರು, ಆದರೆ ಕಣ್ಣು ಆ ಪದದ ಮೇಲೆಯೇ ಇತ್ತು. ವಂಶ ಅನ್ನುವ ಮಾತು ಬಂದ ಕೂಡಲೇ ಮನೆಯಲ್ಲಿ ‘ಯಾರ ಕಡೆಯದು’ ಅನ್ನುವ ಪ್ರಶ್ನೆ ಏಳುತ್ತದೆ, ಅದು ಸಾಮಾನ್ಯವಾಗಿ ಹೋಗಿ ಬೀಳುವುದು ಸೊಸೆಯ ತಲೆ ಮೇಲೆ ಅಲ್ವಾ?

‘ವಂಶವಾಹಿ’ಯಲ್ಲೂ ವಂಶ ಇದೆ. ಅಚ್ಚಗನ್ನಡದಲ್ಲಿ ಬರೆಯುವವರು ಜೀನಿಗೆ ಹೇಳುವ ‘ಪೀಳಿ’ ವಾರ್ಡಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ‘ಹುಟ್ಟುಗುಣ’ ಚೆನ್ನಾಗಿದೆ, ಆದರೆ ಸುಟ್ಟರೂ ಹೋಗದು ಅನ್ನುವ ಗಾದೆ ಜೊತೆಗೇ ಬರುತ್ತದೆ. ನನ್ನ ಮನಸ್ಸು ‘ಮೈಗುಣ’ದ ಕಡೆಗಿದೆ: ‘ಔಷಧ ಒಬ್ಬೊಬ್ಬರ ಮೈಗುಣಕ್ಕೆ ಒಂದೊಂದು ಥರ ಒಗ್ಗುತ್ತದೆ.’ ‘ಕಾರಣ’ ಅನ್ನುವುದನ್ನಂತೂ ತೆಗೆದುಹಾಕಿದ್ದೇನೆ.

ನಿಮ್ಮ ಊರಿನ ಕಡೆ ಮೈಗುಣ ಅಂದರೆ ಏನರ್ಥ ಬರುತ್ತದೆ? ಬಾಯಿ ಬೇಯುವುದಕ್ಕೆ ಅಲ್ಲಿ ಬೇರೆ ಮಾತಿದೆಯೇ? ಇದ್ದರೆ ದಯವಿಟ್ಟು ಬರೆಯಿರಿ.